ಗುಳೆ, ವರ್ಗ ಮತ್ತು ಮಗು: ದುಡಿಮೆಗಾಗಿ ನಗರ ಸೇರುವ ಕುಟುಂಬಗಳನ್ನು ಕುರಿತ ಒಂದು ವಿವೇಚನೆ

ದುಡಿಮೆಗಾಗಿ ಊರು ಬಿಡುವ ಕ್ರಿಯೆಯನ್ನು ಸೂಚಿಸಲು ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಪದಗಳಿವೆ. ಸಂಬಳದ ನೌಕರನಿಗೆ ‘ವರ್ಗ’ವಾಗುತ್ತದೆ, ಕೂಲಿಕಾರ ಕುಟುಂಬ ‘ಗುಳೆ’ ಹೋಗುತ್ತದೆ. ಮುಂಬಯಿಯಿಂದ ಹೊರಟು ಕಲಬುರಗಿ, ಯಾದಗಿರಿ, ರಾಯಚೂರುಗಳನ್ನು ಹಾದು ಬೆಂಗಳೂರು ಮುಟ್ಟುವ ಉದ್ಯಾನ ಎಕ್ಸ್‌ಪ್ರೆಸ್ ರೈಲಿನಲ್ಲಿ ಈ ಇಬ್ಬರೂ ಒಂದೇ ರಾತ್ರಿ ಪ್ರಯಾಣ ಮಾಡಬಹುದು. ಇಬ್ಬರ ಮಡಿಲಲ್ಲೂ ಎಳೆಯ ಮಕ್ಕಳಿರಬಹುದು. ಬೆಳಗಾದರೆ ಇಳಿಯಬೇಕಾದ ನಗರ ಇಬ್ಬರಿಗೂ ಅಪರಿಚಿತವೇ ಆಗಿರಬಹುದು. ಆದರೂ ಭಾಷೆ ಈ ಎರಡು ಪ್ರಯಾಣಗಳನ್ನು ಒಂದೇ ಹೆಸರಿನಿಂದ ಕರೆಯುವುದಿಲ್ಲ. ಈ ಹೆಸರಿನ ಭೇದ ಮಕ್ಕಳ ಬದುಕಿನಲ್ಲಿ ಯಾವ ಭೇದವಾಗಿ ಪರಿಣಮಿಸುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಕಲ್ಯಾಣ ಕರ್ನಾಟಕದ ಒಣಬೇಸಾಯದ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡ ಕಾಮಗಾರಿಗಳಿಗೆ ಮಕ್ಕಳೊಡನೆ ಬರುವ ಕುಟುಂಬಗಳನ್ನು ಇಲ್ಲಿ ಮುಖ್ಯವಾಗಿ ಗಮನದಲ್ಲಿ ಇರಿಸಿಕೊಳ್ಳಲಾಗಿದೆ.

1. ಪದಗಳ ನೆಲೆ

‘ವರ್ಗ’ ಸಂಸ್ಕೃತದಿಂದ ಬಂದ ಪದ. ಗುಂಪು, ವಿಭಾಗ ಎಂಬುದು ಅದರ ಮೂಲಾರ್ಥ. ಆಡಳಿತ ಕನ್ನಡದಲ್ಲಿ ಅದು ನೌಕರನನ್ನು ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ನೇಮಿಸುವುದು ಎಂಬ ಅರ್ಥವನ್ನು ಪಡೆದುಕೊಂಡಿದೆ. ಲೆಕ್ಕಪತ್ರದ ಭಾಷೆಯಲ್ಲಿ ಒಂದು ಬಾಬಿನ ಹಣವನ್ನು ಇನ್ನೊಂದು ಬಾಬಿಗೆ ಸೇರಿಸುವುದನ್ನೂ ‘ವರ್ಗಾಯಿಸು’ ಎಂದೇ ಹೇಳಲಾಗುತ್ತದೆ. ಎರಡೂ ಬಳಕೆಗಳಲ್ಲಿ ಸಮಾನವಾದ ಒಂದು ಅಂಶವಿದೆ: ವರ್ಗವಾದದ್ದು ಲೆಕ್ಕದಿಂದ ಕಳೆದುಹೋಗುವುದಿಲ್ಲ. ಅದು ಒಂದು ಪುಟದಲ್ಲಿ ಖರ್ಚಾಗಿ ಇನ್ನೊಂದು ಪುಟದಲ್ಲಿ ಜಮೆಯಾಗುತ್ತದೆ.

‘ಗುಳೆ’ ಈ ಬಗೆಯ ಪದವಲ್ಲ. ಬರ, ದಂಡು, ರೋಗ ಮುಂತಾದ ಭಯಗಳಿಂದ ಜನ ಗುಂಪಾಗಿ ನೆಲೆ ಬಿಟ್ಟು ಹೋಗುವುದು ಎಂಬ ಅರ್ಥಛಾಯೆ ಅದಕ್ಕಿದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಅದು ಇಂದಿಗೂ ಜೀವಂತವಾಗಿದ್ದು, ಹೆಚ್ಚಾಗಿ ‘ಹೋಗು’, ‘ಏಳು’, ‘ಹೊರಡು’ ಎಂಬ ಕ್ರಿಯಾಪದಗಳೊಡನೆ ಬಳಕೆಯಾಗುತ್ತದೆ. ಅಂದರೆ ಬಿಟ್ಟುಹೋದ ಊರಿನ ಕಡೆಯಿಂದ ನೋಡಿ ಆಡುವ ಪದವಿದು. ಹೋದವರು ತಲುಪಿದ ನೆಲೆಯ ಕುರಿತು ಅದು ಏನನ್ನೂ ಹೇಳುವುದಿಲ್ಲ. ತೆಲುಗಿನ ‘ವಲಸ’, ತಮಿಳಿನ ‘ವಲಸೈ’ ಪದಗಳೊಡನೆ ನಂಟುಳ್ಳ ‘ವಲಸೆ’ ಎಂಬ ಪದದ ಹಳೆಯ ಅರ್ಥವೂ ದಂಡು ಬರುವ ಭಯದಿಂದ ಮನೆಮಾರು ಬಿಡುವುದು ಎಂಬುದೇ ಆಗಿದೆ. ಇಂದು ಅದು ವರದಿಗಳ, ಸಮೀಕ್ಷೆಗಳ ಪಾರಿಭಾಷಿಕ ಪದ. 2020ರ ಮಾರ್ಚ್ 25ರಂದು ಜಾರಿಗೆ ಬಂದ ಲಾಕ್‌ಡೌನಿನ ನಂತರ, ಹೆದ್ದಾರಿಗಳಲ್ಲಿ ಮಕ್ಕಳನ್ನು ಹೊತ್ತು ನಡೆದವರನ್ನು ಕುರಿತು ‘ವಲಸೆ ಕಾರ್ಮಿಕ’ ಎಂಬ ಸಮಾಸ ದಿನಬಳಕೆಯ ಮಾತಾಯಿತು. ಆದರೆ ವರ್ಗವಾಗಿ ಬಂದ ಅಧಿಕಾರಿಯನ್ನಾಗಲಿ, ಕಂಪನಿಯ ಕೆಲಸಕ್ಕೆ ಬಂದ ಇಂಜಿನಿಯರನನ್ನಾಗಲಿ ಈ ಹೆಸರಿನಿಂದ ಕರೆಯುವ ರೂಢಿಯಿಲ್ಲ.

ಸಾಹಿತ್ಯದ ಕಡೆಗೆ ನೋಡಿದರೂ ಊರು ಬಿಟ್ಟವರ ಕಥನ ಬಹುಮಟ್ಟಿಗೆ ಒಂಟಿ ಪುರುಷನ ಕಥನವಾಗಿದೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಊರು ಬಿಟ್ಟು ಕೊನೆಗೆ ಮರಳುವವನು ತರುಣ. ಯಶವಂತ ಚಿತ್ತಾಲರ ‘ಶಿಕಾರಿ’ಯ (1979) ನಾಗಪ್ಪ ಮುಂಬಯಿಯಲ್ಲಿ ಒಂಟಿ. ಜಾನಪದ ಗೀತೆಗಳಲ್ಲಿ ಊರು ಬದಲಿಸುವವಳು ತವರಿನಿಂದ ಗಂಡನ ಮನೆಗೆ ಹೋಗುವ ಹೆಣ್ಣು. ತಾಯಿಯ ಕಂಕುಳಲ್ಲಿ ನಗರಕ್ಕೆ ಬರುವ ಕೂಸು, ಅವಳ ಸೆರಗು ಹಿಡಿದು ಹಿಂದೆ ಬರುವ ಏಳೆಂಟು ವರ್ಷದ ಮಗು ಈ ಕಥನಗಳ ಅಂಚಿನಲ್ಲಿಯೇ ಉಳಿದಿವೆ.

2. ವರ್ಗದ ವ್ಯವಸ್ಥೆ

ನೌಕರ ವರ್ಗವಾದಾಗ ಅವನ ಮಕ್ಕಳಿಗೂ ತೊಂದರೆಯಾಗುತ್ತದೆ ಎಂಬ ಸತ್ಯವನ್ನು ರಾಜ್ಯವ್ಯವಸ್ಥೆ ಬಹಳ ಹಿಂದೆಯೇ ಒಪ್ಪಿಕೊಂಡಿತು. ಸಾರ್ವತ್ರಿಕ ವರ್ಗಾವಣೆಗಳು ಸಾಮಾನ್ಯವಾಗಿ ಶೈಕ್ಷಣಿಕ ವರ್ಷದ ಆರಂಭದ ಆಸುಪಾಸಿನಲ್ಲಿ ನಡೆಯುತ್ತವೆ. ಸಾಮಾನು ಸಾಗಿಸಲು ಭತ್ಯೆ ಇರುತ್ತದೆ. ಹೊಸ ಸ್ಥಳದಲ್ಲಿ ಕೆಲಸಕ್ಕೆ ಹಾಜರಾಗಲು ಕಾಲಾವಕಾಶವಿರುತ್ತದೆ. ಈ ಕಾಳಜಿಯ ಅತ್ಯಂತ ಸ್ಪಷ್ಟವಾದ ರೂಪವೆಂದರೆ ಕೇಂದ್ರೀಯ ವಿದ್ಯಾಲಯಗಳು. ಸೈನಿಕರೂ ಸೇರಿದಂತೆ ವರ್ಗಾವಣೆಗೆ ಒಳಪಡುವ ಕೇಂದ್ರ ಸರಕಾರಿ ನೌಕರರ ಮಕ್ಕಳಿಗಾಗಿ 1962ರಲ್ಲಿ ಯೋಜನೆ ಮಂಜೂರಾಗಿ, 1963ರಲ್ಲಿ 20 ರೆಜಿಮೆಂಟ್ ಶಾಲೆಗಳನ್ನು ವಹಿಸಿಕೊಳ್ಳುವುದರೊಂದಿಗೆ ಇವು ಆರಂಭವಾದವು. ಇಂದು ಇವುಗಳ ಸಂಖ್ಯೆ 1,200ನ್ನು ಮೀರಿದೆ. ದೇಶದ ಯಾವ ಮೂಲೆಯಿಂದ ಯಾವ ಮೂಲೆಗೆ ಹೋದರೂ ಮಗುವಿಗೆ ಒಂದೇ ಪಠ್ಯಕ್ರಮ, ಒಂದೇ ಬಗೆಯ ತರಗತಿ ದೊರೆಯಬೇಕು ಎಂಬುದು ಇವುಗಳ ಹಿಂದಿನ ತತ್ವ. ಇವುಗಳ ಪ್ರವೇಶ ನಿಯಮಗಳಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಕಳೆದ ಏಳು ವರ್ಷಗಳಲ್ಲಿ ತಂದೆ ಅಥವಾ ತಾಯಿಗೆ ಎಷ್ಟು ಬಾರಿ ವರ್ಗವಾಗಿದೆ ಎಂಬುದನ್ನು ಅಲ್ಲಿ ಆದ್ಯತೆಗೆ ಆಧಾರವಾಗಿ ಪರಿಗಣಿಸಲಾಗುತ್ತದೆ. ಹೆಚ್ಚು ಬಾರಿ ಊರು ಬದಲಿಸಿದ ಮನೆಯ ಮಗುವಿಗೆ ಹೆಚ್ಚಿನ ಆದ್ಯತೆ.

ಗುಳೆ ಹೋಗುವ ಮನೆಯಲ್ಲಿ ಇದೇ ಅಂಶ ತಿರುವು ಮುರುವಾಗುತ್ತದೆ. ಪ್ರತಿ ಸ್ಥಳಾಂತರವೂ ಮಗುವನ್ನು ಶಾಲೆಯಿಂದ ಒಂದು ಹೆಜ್ಜೆ ದೂರ ಸರಿಸುತ್ತದೆ. ಏಳು ವರ್ಷಗಳಲ್ಲಿ ಏಳು ಕಾಮಗಾರಿಗಳನ್ನು ಕಂಡ ಮಗುವಿನ ಪಾಲಿಗೆ ಆ ಎಣಿಕೆ ಯಾವ ಪ್ರವೇಶಕ್ಕೂ ಅರ್ಹತೆಯಾಗುವುದಿಲ್ಲ.

3. ಗುಳೆಯ ಲೆಕ್ಕ

ಗುಳೆಯ ಕಾರಣಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಕುರಿತು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗಕ್ಕೆ ಸೇರಿದ್ದವು. ಮಳೆಯನ್ನೇ ನಂಬಿದ ಭೂಮಿ, ವರ್ಷಕ್ಕೊಂದೇ ಬೆಳೆ, ಮದುವೆ ಅಥವಾ ಆಸ್ಪತ್ರೆಗೆ ಮಾಡಿದ ಸಾಲ, ಮೇಸ್ತ್ರಿ ಕೊಟ್ಟ ಮುಂಗಡ ಇವೆಲ್ಲ ಕೂಡಿ ಕುಟುಂಬವನ್ನು ಎಬ್ಬಿಸುತ್ತವೆ. ಇಲ್ಲಿ ಮುಖ್ಯವಾಗುವುದು ಹೊರಡುವ ಕಾಲ. ಹತ್ತಿ ಬಿಡಿಸುವುದು, ತೊಗರಿ ರಾಶಿ ಮುಗಿಯುವುದು ಡಿಸೆಂಬರ್–ಜನವರಿಯ ವೇಳೆಗೆ. ಹೊಲದಲ್ಲಿ ಕೆಲಸ ತೀರುವ ಈ ಕಾಲಕ್ಕೆ ಶಾಲೆಯ ವರ್ಷ ಇನ್ನೂ ನಡುವಿನಲ್ಲಿರುತ್ತದೆ. ಏಪ್ರಿಲ್‌ವರೆಗೆ ನಡೆಯುವ ತರಗತಿಯಿಂದ ಮಗು ಅರ್ಧದಲ್ಲಿ ಏಳಬೇಕಾಗುತ್ತದೆ. ಶಾಲೆಯ ಪಂಚಾಂಗವೂ ಹೊಲದ ಪಂಚಾಂಗವೂ ಕೂಡುವುದಿಲ್ಲ.

ಹೀಗೆ ಎದ್ದ ಮಗು ಯಾವ ಲೆಕ್ಕದಲ್ಲಿ ಸಿಗುತ್ತದೆ ಎಂಬುದು ಮುಂದಿನ ಪ್ರಶ್ನೆ. 2011ರ ಜನಗಣತಿ ಹುಟ್ಟಿದ ಸ್ಥಳ ಹಾಗೂ ಹಿಂದಿನ ವಾಸಸ್ಥಳಗಳ ಆಧಾರದಿಂದ ವಲಸಿಗರನ್ನು ಎಣಿಸಿತು. ಹಿಂದಿನ ವಾಸಸ್ಥಳದ ಆಧಾರದಲ್ಲಿ ದೇಶದಲ್ಲಿ 45 ಕೋಟಿಗೂ ಹೆಚ್ಚು ಜನ ವಲಸಿಗರೆಂದು ದಾಖಲಾದರು. ಕೆಲವೇ ತಿಂಗಳು ಹೋಗಿ ಮರಳುವ ಋತುಮಾನದ ಗುಳೆ ಈ ಬಗೆಯ ಎಣಿಕೆಗೆ ಸುಲಭವಾಗಿ ದಕ್ಕುವುದಿಲ್ಲ. ಈ ಕೊರತೆಯನ್ನು ತುಂಬಲು ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೆಯ ಸುತ್ತು (2007–08) ಅಲ್ಪಾವಧಿ ವಲಸಿಗರನ್ನು ಪ್ರತ್ಯೇಕವಾಗಿ ಗುರುತಿಸಿತು. ಒಂದು ತಿಂಗಳಿಗಿಂತ ಕಡಿಮೆಯಿಲ್ಲದೆ, ಆರು ತಿಂಗಳನ್ನು ತಲುಪದೆ, ಕೆಲಸಕ್ಕಾಗಿ ಅಥವಾ ಕೆಲಸ ಹುಡುಕಿ ಊರಿನಿಂದ ಹೊರಗಿದ್ದವರು ಎಂಬುದು ಅದರ ವ್ಯಾಖ್ಯೆ. ಎರಡು ವರ್ಷದ ಕೂಸು ಕೆಲಸ ಹುಡುಕಿ ಹೋಗುವುದಿಲ್ಲ. ಆದ್ದರಿಂದ ತಂದೆ ತಾಯಿ ಸಿಕ್ಕ ಲೆಕ್ಕದಲ್ಲಿಯೂ ಕೂಸು ಸಿಗುವುದಿಲ್ಲ.

ಕಾನೂನಿನ ನೆಲೆಯಲ್ಲಿಯೂ ಇಂಥದೇ ಒಂದು ಬಿರುಕು ಕಾಣುತ್ತದೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಹೆಸರೇ ಹೇಳುವಂತೆ ರಾಜ್ಯದ ಗಡಿ ದಾಟುವವರನ್ನು ಉದ್ದೇಶಿಸಿತ್ತು. ಯಾದಗಿರಿಯಿಂದ ಸುಮಾರು ಐನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಬಂದ ಕುಟುಂಬ ಯಾವ ಗಡಿಯನ್ನೂ ದಾಟಿರಲಿಲ್ಲ. ಅದು ತನ್ನ ರಾಜ್ಯದಲ್ಲಿಯೇ ಇತ್ತು. ಆ ಕಾರಣದಿಂದಲೇ ಕಾಯಿದೆಯ ಹೊರಗಿತ್ತು.

4. ಕೂಸು ಮತ್ತು ಅಕ್ಕ

ಗುಳೆ ಬಂದ ಒಂದು ಕುಟುಂಬವನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಗಂಡ, ಹೆಂಡತಿ, ಒಂಬತ್ತು ವರ್ಷದ ಮಗಳು, ಆರರ ಮಗ, ವರ್ಷ ತುಂಬಿದ ಕೂಸು. ಕೌದಿ, ಪಾತ್ರೆ, ಕಟಕ ರೊಟ್ಟಿಯ ಗಂಟುಗಳೊಡನೆ ಬಂದವರಿಗೆ ಕಾಮಗಾರಿಯ ಬದಿಯಲ್ಲಿ ತಗಡಿನ ಶೆಡ್ಡು ಸಿಗುತ್ತದೆ. ಊರಿನಲ್ಲಾದರೆ ಕೂಸನ್ನು ಮುತ್ಯಾ, ಆಯಿ, ನೆರೆಮನೆಯವರು ನೋಡಿಕೊಳ್ಳುತ್ತಿದ್ದರು. ಇಲ್ಲಿ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆ ಇಳಿಯಬೇಕು. ಇಬ್ಬರೂ ದುಡಿದರಷ್ಟೇ ಮುಂಗಡ ತೀರುತ್ತದೆ. ಹೀಗಾಗಿ ಕೂಸಿನ ಜವಾಬ್ದಾರಿ ಒಂಬತ್ತರ ಮಗಳಿಗೆ ಬರುತ್ತದೆ. ಅವಳನ್ನು ಊರಿನ ಶಾಲೆಯಿಂದ ಎಬ್ಬಿಸಿಕೊಂಡು ಬಂದುದೇ ಈ ಕಾರಣಕ್ಕೆ ಎಂಬ ಸಂದರ್ಭಗಳೂ ಇವೆ. ಸೀರೆಯ ಜೋಲಿ ತೂಗುವುದು, ಮರಳಿನ ರಾಶಿ, ನೀರಿನ ತೊಟ್ಟಿ, ಲಾರಿಗಳ ಬಳಿಗೆ ಕೂಸು ಹೋಗದಂತೆ ಕಾಯುವುದು ಅವಳ ದಿನಚರಿ.

ಕಾನೂನು ಈ ಕೂಸನ್ನು ಪೂರ್ತಿ ಮರೆತಿರಲಿಲ್ಲ. 1996ರ ಕಟ್ಟಡ ಹಾಗೂ ಇತರ ನಿರ್ಮಾಣ ಕಾರ್ಮಿಕರ ಕಾಯಿದೆ, ಐವತ್ತಕ್ಕಿಂತ ಹೆಚ್ಚು ಮಹಿಳೆಯರು ಸಾಮಾನ್ಯವಾಗಿ ದುಡಿಯುವ ಕಾಮಗಾರಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುಪಾಲನಾ ಕೊಠಡಿ ಇರಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ ಈ ಕಾಯಿದೆಯ ಅನ್ವಯ ಕಲ್ಯಾಣ ಮಂಡಳಿ ರಚನೆಯಾದದ್ದು 2007ರಲ್ಲಿ. ಆದರೆ ಬಡಾವಣೆಗಳ ಮೂರು ನಾಲ್ಕು ಮಹಡಿಯ ಮನೆಗಳನ್ನು ಕಟ್ಟುವ ಕಡೆ ಹತ್ತು ಹನ್ನೆರಡು ಹೆಂಗಸರಷ್ಟೇ ಇರುತ್ತಾರೆ. ಅಲ್ಲಿನ ಕೂಸಿಗೆ ಈ ನಿಯಮ ತಲುಪಲಿಲ್ಲ. 1975ರಲ್ಲಿ ಆರಂಭವಾದ ಅಂಗನವಾಡಿ ವ್ಯವಸ್ಥೆ ಇದ್ದರೂ, ಅದು ನೆಲೆನಿಂತ ಜನವಸತಿಯನ್ನು ಆಧರಿಸಿದ್ದು. ಸಂಜೆ ನಾಲ್ಕರ ಸುಮಾರಿಗೆ ಅಂಗನವಾಡಿ ಮುಚ್ಚಿದಾಗ ತಾಯಿ ಇನ್ನೂ ಬುಟ್ಟಿ ಹೊರುತ್ತಿರುತ್ತಾಳೆ. ರಾಜ್ಯ ಸರಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಆರಂಭಿಸಿದ ‘ಕೂಸಿನ ಮನೆ’ಗಳು ಹಳ್ಳಿಯಲ್ಲಿಯೇ ಕೂಲಿ ಮಾಡುವ ತಾಯಂದಿರ ಅಗತ್ಯವನ್ನು ಸರಿಯಾಗಿ ಗುರುತಿಸಿದವು. ಅದೇ ತಾಯಿ ನಗರಕ್ಕೆ ಬಂದಾಗ ಅಂಥ ಮನೆ ಅವಳ ಹಿಂದೆ ಬರುವುದಿಲ್ಲ.

ಶಿಶುಪಾಲನೆ ಮತ್ತು ಶಾಲಾ ಶಿಕ್ಷಣ ಬೇರೆ ಬೇರೆ ಇಲಾಖೆಗಳ ವಿಷಯವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಮೇಲಿನ ಕುಟುಂಬದಲ್ಲಿ ಅವೆರಡೂ ಒಂದೇ ವಿಷಯ. ಕೂಸಿಗೆ ನೆಲೆ ಸಿಕ್ಕರೆ ಅಕ್ಕ ಶಾಲೆಗೆ ಹೋಗಬಲ್ಲಳು. ಅಕ್ಕ ಹೊರಟರೆ ಅವಳ ಕೈಹಿಡಿದು ಆರರ ತಮ್ಮನೂ ಹೊರಡಬಲ್ಲ. ಕೂಸಿಗೆ ನೆಲೆಯಿಲ್ಲದಿದ್ದರೆ ಪಕ್ಕದ ಬೀದಿಯಲ್ಲಿ ಶಾಲೆಯಿದ್ದೂ ಮೂವರಿಗೂ ಪ್ರಯೋಜನವಿಲ್ಲ.

ಕಾಮಗಾರಿಯ ಬಳಿಯ ಮಕ್ಕಳನ್ನು ತಲುಪುವುದು ಅಸಾಧ್ಯವೆಂಬ ವಾದವಿದೆ. ಆರೋಗ್ಯ ಇಲಾಖೆಯ ಅನುಭವ ಇದನ್ನು ಒಪ್ಪುವುದಿಲ್ಲ. 1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೊ ಕಾರ್ಯಕ್ರಮದಲ್ಲಿ ಸಂಚಾರಿ ತಂಡಗಳು ಕಟ್ಟಡ ಕಾಮಗಾರಿ, ಇಟ್ಟಿಗೆ ಭಟ್ಟಿ, ಬಸ್ ನಿಲ್ದಾಣಗಳಿಗೇ ಹೋಗಿ ಹನಿ ಹಾಕಿದವು. 2011ರ ಜನವರಿಯ ನಂತರ ದೇಶದಲ್ಲಿ ನೈಸರ್ಗಿಕ (ವೈಲ್ಡ್) ಪೋಲಿಯೊ ವೈರಾಣುವಿನ ಹೊಸ ಪ್ರಕರಣ ಕಾಣಲಿಲ್ಲ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ದೊರೆಯಿತು. ಆ ಕೂಸು ಯಾವ ಜಿಲ್ಲೆಯದು ಎಂದು ಯಾರೂ ಕೇಳಲಿಲ್ಲ; ಅದರ ಬೆರಳಿಗೆ ಗುರುತು ಹಾಕಿ ಮುಂದೆ ಹೋದರು. ತಾಯಿ ಕಾರ್ಡು ಕೈಯಲ್ಲಿದ್ದರೆ ಯಾವ ಆರೋಗ್ಯ ಕೇಂದ್ರದ ದಾದಿಯಾದರೂ ಮುಂದಿನ ಲಸಿಕೆ ಯಾವುದೆಂದು ತಿಳಿಯಬಲ್ಲಳು. ಗುಳೆಯ ಮಗುವನ್ನು ‘ವರ್ಗ’ದ ಮಗುವಿನಂತೆ ನಡೆಸಿಕೊಂಡ ಅಪರೂಪದ ನಿದರ್ಶನವಿದು.

5. ಒಂದೇ ಕನ್ನಡ, ಬೇರೆ ಕಿವಿ

ಶಾಲೆಯ ಬಾಗಿಲಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯಂತೆ (2009) ವರ್ಗಾವಣೆ ಪತ್ರ ತರಲು ತಡವಾಯಿತೆಂದು ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ವಯಸ್ಸಿನ ಪುರಾವೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಶಾಲೆ ತಪ್ಪಿಸಿಕೊಂಡ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಾತರಿಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಕಾಯಿದೆ ಹೆಸರಿಸಿಯೇ ಹೇಳುತ್ತದೆ. ಇದಕ್ಕೂ ಮೊದಲು, 2000ದ ದಶಕದಲ್ಲಿ, ‘ಚಿಣ್ಣರ ಅಂಗಳ’ದಂಥ ಸೇತುಬಂಧ ತರಗತಿಗಳೂ ಟೆಂಟ್ ಶಾಲೆಗಳೂ ರಾಜ್ಯದಲ್ಲಿ ನಡೆದಿದ್ದವು. ಇದರ ಜೊತೆಗೆ ರಾಜ್ಯದೊಳಗಿನ ಗುಳೆಗೆ ಒಂದು ವಿಶೇಷ ಅನುಕೂಲವಿದೆ. ಯಾದಗಿರಿಯ ಸರಕಾರಿ ಕನ್ನಡ ಶಾಲೆಯ ನಾಲ್ಕನೆಯ ತರಗತಿಯ ಪಠ್ಯಪುಸ್ತಕವೇ ಬೆಂಗಳೂರಿನ ಸರಕಾರಿ ಕನ್ನಡ ಶಾಲೆಯಲ್ಲಿಯೂ ಇರುತ್ತದೆ. ಕೇಂದ್ರೀಯ ವಿದ್ಯಾಲಯಗಳು ಸಾಧಿಸಲು ಹೊರಟ ಪಠ್ಯದ ಏಕರೂಪತೆ ಇಲ್ಲಿ ಆಗಲೇ ಸಿದ್ಧವಾಗಿದೆ. ಆದರೂ ಒಳಗೆ ಬಂದ ಮಗು ಮೌನವಾಗುತ್ತದೆ. ಈ ಮೌನದ ಒಂದು ಕಾರಣ ಭಾಷಿಕವಾದುದು.

ಕಲಬುರಗಿ, ಯಾದಗಿರಿ, ರಾಯಚೂರು ಪ್ರದೇಶದ ಮಗು ಶಾಲೆಯನ್ನು ‘ಸಾಲಿ’ ಎನ್ನುತ್ತದೆ; ಶಿಕ್ಷಕರನ್ನು ‘ಮಾಸ್ತರ’ ಎಂದು ಕರೆಯುತ್ತದೆ. ಕುಳಿತುಕೊಳ್ಳಲು ಹೇಳುವ ಮಾತು ಅದಕ್ಕೆ ‘ಕುಂದ್ರು’, ನಿಲ್ಲಲು ಹೇಳುವುದು ‘ನಿಂದ್ರು’. ಬೆಂಗಳೂರಿನ ತರಗತಿಯಲ್ಲಿ ಅದು ಕೇಳುವುದು ‘ಕೂತ್ಕೋ’, ‘ನಿಂತ್ಕೋ’. ‘ಚಲೋ’ ಎಂಬುದು ‘ಚೆನ್ನಾಗಿದೆ’ಯಾಗುತ್ತದೆ, ‘ಆಕಿ’ ‘ಅವಳಾ’ಗುತ್ತಾಳೆ, ‘ಮುತ್ಯಾ’ ‘ತಾತ’ನಾಗುತ್ತಾನೆ. ವಯಸ್ಕರಿಗೆ ಇವು ಕೆಲವೇ ದಿನಗಳಲ್ಲಿ ರೂಢಿಯಾಗುವ ಸಣ್ಣ ವ್ಯತ್ಯಾಸಗಳು. ಏಳು ವರ್ಷದ ಮಗುವಿಗೆ ಅವು ತರಗತಿಯ ಮೊದಲ ಆಜ್ಞೆಗಳು. ಮಗು ತಡವರಿಸಿದರೆ ಅದಕ್ಕೆ ಪಾಠ ತಿಳಿಯದು ಎಂಬ ತೀರ್ಮಾನ ಸುಲಭವಾಗಿ ಹುಟ್ಟುತ್ತದೆ. ಮಗು ಬಾಯ್ತೆರೆದರೆ ಸಹಪಾಠಿಗಳು ನಗುತ್ತಾರೆ. ಎರಡು ಬಾರಿ ನಕ್ಕ ಮೇಲೆ ಅದು ಮಾತನಾಡುವುದನ್ನೇ ಬಿಡುತ್ತದೆ. ತನ್ನ ರಾಜ್ಯದಲ್ಲಿ, ತನ್ನದೇ ಭಾಷೆಯ ಶಾಲೆಯಲ್ಲಿ ಮಗು ಪರಭಾಷಿಕವಾಗುವ ಸ್ಥಿತಿಯಿದು.

ತಾಂಡಾಗಳಿಂದ ಬಂದ ಮಕ್ಕಳ ಪರಿಸ್ಥಿತಿ ಇನ್ನಷ್ಟು ಸಂಕೀರ್ಣ. ಅವರ ಮನೆಯ ನುಡಿ ಲಂಬಾಣಿ. ಕಲಬುರಗಿ ಸೀಮೆಯ ಕನ್ನಡ ಎರಡನೆಯದು. ನಗರದ ಕನ್ನಡ ಮೂರನೆಯದು. ಕಾಮಗಾರಿಯ ಶೆಡ್ಡುಗಳಲ್ಲಿ ಬೇರೆ ರಾಜ್ಯಗಳ ಮಕ್ಕಳೊಡನೆ ಆಡುತ್ತ ಕಲಿತ ಹಿಂದಿ, ತೆಲುಗು ಇವಕ್ಕೆ ಸೇರಿಕೊಳ್ಳುತ್ತವೆ. ನಾಲ್ಕು ನುಡಿಗಳಲ್ಲಿ ಜಗಳವಾಡಬಲ್ಲ, ಅಂಗಡಿಯ ಲೆಕ್ಕ ಮಾಡಬಲ್ಲ ಮಗು ಶಾಲೆಯ ಅಳತೆಯಲ್ಲಿ ‘ಭಾಷೆ ಬಾರದ’ ಮಗುವಾಗುತ್ತದೆ. ಬೋಧನೆಯ ಮಾಧ್ಯಮ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಾಗಿರಬೇಕು ಎಂದು ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಮಾತೃಭಾಷೆ ಎಂದರೆ ಪಠ್ಯಪುಸ್ತಕದ ಕನ್ನಡ ಎಂದು ಗ್ರಹಿಸುವವರೆಗೆ ಆ ಮಾತಿನ ಅರ್ಥ ಈ ಮಗುವನ್ನು ಮುಟ್ಟುವುದಿಲ್ಲ.

ಮುಂಬಯಿಯ ಕನ್ನಡಿಗರ ಇತಿಹಾಸ ಇಲ್ಲಿ ಒಂದು ಹೋಲಿಕೆಯನ್ನು ಒದಗಿಸುತ್ತದೆ. ಕರಾವಳಿಯಿಂದ ಹೋಗಿ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಅಲ್ಲಿ ಕನ್ನಡ ರಾತ್ರಿಶಾಲೆಗಳು ನಡೆದವು. ಮುಂಬಯಿ ಮಹಾನಗರ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ. ದುಡಿಯುವವನ ಬಿಡುವಿನ ವೇಳೆಗೆ ಶಾಲೆ ತನ್ನ ವೇಳೆಯನ್ನು ಹೊಂದಿಸಿಕೊಂಡಿತು, ಅವನ ನುಡಿಯಲ್ಲಿಯೇ ಬಾಗಿಲು ತೆರೆಯಿತು ಎಂಬುದು ಆ ಅನುಭವದ ಸಾರ. ಪರರಾಜ್ಯದಲ್ಲಿ ಸಾಧ್ಯವಾದ ಈ ಹೊಂದಾಣಿಕೆ ಸ್ವರಾಜ್ಯದ ರಾಜಧಾನಿಯಲ್ಲಿ ಕಷ್ಟವಾಗಬೇಕಾಗಿಲ್ಲ.

6. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಎಳೆಯ ಮಕ್ಕಳೊಡನೆ ಅಪರಿಚಿತ ನಗರಕ್ಕೆ ಬರುವುದು ಎಲ್ಲ ಕುಟುಂಬಗಳಿಗೂ ಕಷ್ಟದ ಸಂಗತಿಯೇ. ಆದರೆ ‘ವರ್ಗ’ದ ಕುಟುಂಬಕ್ಕೆ ಆ ಕಷ್ಟವನ್ನು ಹಂಚಿಕೊಳ್ಳುವ ಕಾಲಪಟ್ಟಿ, ಭತ್ಯೆ, ಶಾಲೆ, ದಾಖಲೆಗಳಿವೆ. ‘ಗುಳೆ’ಯ ಕುಟುಂಬದಲ್ಲಿ ಆ ಹೊರೆಯನ್ನು ಹೊರುವವಳು ಒಂಬತ್ತು ವರ್ಷದ ಹುಡುಗಿ. ಕೊರತೆಯಿರುವುದು ಹೊಸ ಪಠ್ಯಕ್ರಮದಲ್ಲಾಗಲಿ ಪ್ರವೇಶದ ಹಕ್ಕಿನಲ್ಲಾಗಲಿ ಅಲ್ಲ, ಅವು ಆಗಲೇ ಇವೆ. ಬೇಕಾಗಿರುವುದು ತಾಯಿಯ ಕೆಲಸದ ವೇಳೆಗೆ ಹೊಂದುವ ಕೂಸಿನ ಮನೆ, ಸುಗ್ಗಿಯ ನಂತರ ಬರುವ ಮಗುವನ್ನು ನಿರೀಕ್ಷಿಸುವ ತರಗತಿ ಮತ್ತು ಆ ಮಗುವಿನ ಕನ್ನಡವನ್ನು ಗುರುತಿಸುವ ಕಿವಿ.

ಇವುಗಳಲ್ಲಿ ಮೂರನೆಯದು ನೇರವಾಗಿ ಕನ್ನಡ ಅಧ್ಯಯನದ ಹೊಣೆಗೆ ಸೇರುತ್ತದೆ. ಉಪಭಾಷೆಗಳ ಸಮೀಕ್ಷೆ, ಪ್ರಾದೇಶಿಕ ಪದಸಂಗ್ರಹ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ದಶಕಗಳಿಂದ ನಡೆದುಬಂದಿವೆ. ಅವುಗಳ ಫಲ ಹೆಚ್ಚಾಗಿ ಗ್ರಂಥಾಲಯದಲ್ಲಿಯೇ ಉಳಿದಿದೆ. ತರಗತಿಯಲ್ಲಿ ದಿನನಿತ್ಯ ಬಳಕೆಯಾಗುವ ನೂರಿನ್ನೂರು ಪದಗಳ, ಆಜ್ಞಾರೂಪಗಳ, ಸಂಬಂಧವಾಚಕಗಳ ಒಂದು ಕಿರುಹೊತ್ತಿಗೆ, ಅದರ ಪಕ್ಕದಲ್ಲಿ ಲಂಬಾಣಿಯ ಸಮಾನ ರೂಪಗಳು, ಬೆಂಗಳೂರಿನ ಪ್ರಾಥಮಿಕ ಶಾಲಾ ಶಿಕ್ಷಕರ ಮೇಜಿನ ಮೇಲೆ ಇದ್ದರೆ ಮಗುವಿನ ಮೊದಲ ವಾರ ಬೇರೆಯಾಗಬಹುದು. ‘ಕುಂದ್ರು’ ಎಂದು ಶಿಕ್ಷಕಿ ಒಮ್ಮೆ ಹೇಳಿದರೆ ಮಗು ಕೂಡುತ್ತದೆ; ‘ಕೂತ್ಕೋ’ ಎಂಬುದನ್ನು ಅದು ನಾಳೆ ಕಲಿಯುತ್ತದೆ.